ಗುರಣ್ಣ ಸರ್ಕಾರ ಓದಿದ್ದು

ನಲವತ್ತು ದಾಟಿದ ಗುರಣ್ಣ ಎಂ.ಎ. ಓದಲು ಹೊರಟಿದ್ದಕ್ಕೆ ಮುದ್ದೇಬಿಹಾಳದ ಒಂದು ಮದುವೆ ಕಾರಣ. ಅದು ಅವನ ಹೆಂಡತಿಯ ತಮ್ಮನ ಮದುವೆ. ಗುರಣ್ಣ ಆ ಮನೆಯ ಹಿರಿಯ ಅಳಿಯ. ಬೀಗರಿಗೆ ಬಟ್ಟೆ ಉಡುಗೊರೆ ಕೊಡುವ ಆಯೇರಿಯಲ್ಲಿ ಮೊದಲ ಪಟಕ ಹಿರಿಯ ಅಳಿಯನ ತಲೆಗೆ ಬರಬೇಕು. ಹೊಸ ಪಟಕಕ್ಕೆ ಜಿಡ್ಡು ಹತ್ತಬಾರದೆಂದು ಅಂದು ಅವನು ತಲೆಗೆ ಎಣ್ಣೆಯನ್ನೇ ಹಚ್ಚಿರಲಿಲ್ಲ.

ಆದರೆ ಮೈಕಿನವನು, "ಈಗ ಎಂ.ಎ. ಪದವೀಧರರೂ ಕಾಲೇಜಿನ ಉಪನ್ಯಾಸಕರೂ ಆದ ಶ್ರೀಶೈಲ ಅವರು ಆಯೇರಿಗೆ ಬರಬೇಕು" ಎಂದು ಕೂಗಿಬಿಟ್ಟ. ಶ್ರೀಶೈಲ ಕಿರಿಯ ಅಳಿಯ. ಜರಿಯಂಚಿನ ಪಟಕ ಅವನ ತಲೆ ಏರಿತು. ಊಟದ ಪಂಕ್ತಿ ಕೂತ ಮೇಲೆ ಮೈಕಿನವನಿಗೆ ಇನ್ನೊಬ್ಬ ಅಳಿಯನ ನೆನಪಾಯಿತು. "ನಿಂಬಿಕಾಯಿ ಗುರಣ್ಣ ಎಲ್ಲಿದ್ದರೂ ಚಪ್ಪರದ ಹತ್ತಿರ ಬರಬೇಕು" ಎಂದ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಕರೆಯುವ ಧಾಟಿಯಲ್ಲಿ. ಹೋದರೆ ಸಿಕ್ಕಿದ್ದು ಒಂದು ಟಾವೆಲ್ಲು.

ನಿಂಬಿಕಾಯಿ ಎಂಬುದು ಅವನ ಮನೆತನದ ಹೆಸರೇನಲ್ಲ. ಇಂಡಿ ತಾಲೂಕಿನ ಜೇರಗುಣಕಿ ಅವನ ಊರು. ಸುತ್ತಲಿನ ತೋಟಗಳ ನಿಂಬೆಕಾಯಿ ಕೊಂಡು ಇಂಡಿ ಪೇಟೆಗೆ ಹಾಕುವುದು ಅವನ ಉದ್ಯೋಗ. ಒಂದು ಕಾಲದಲ್ಲಿ ಬಿ.ಎ. ಪಾಸಾಗಿದ್ದ. ಅದು ಅವನಿಗೂ ಅಪರೂಪಕ್ಕೊಮ್ಮೆ ನೆನಪಾಗುತ್ತಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಸಿದ್ದಲಿಂಗವ್ವ ಟಾವೆಲ್ಲನ್ನು ಮುಟ್ಟಿ ನೋಡಿ, "ಗಟ್ಟಿ ಐತ್ರಿ, ಛಲೋದು" ಎಂದಳು. ಗುರಣ್ಣ ಅದನ್ನು ಕಸಿದು ಚೀಲದ ತಳಕ್ಕೆ ತುರುಕಿದ. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಎದ್ದು ನಿಂತು, "ನಾನೂ ಎಂ.ಎ. ಮಾಡ್ತೇನಿ" ಎಂದು ಘೋಷಿಸಿದ.

"ಮಾಡ್ರಿ. ಈಗ ಕೆಳಗ ಇಳೀರಿ, ಬಸ್ ಬದಲ್ ಮಾಡಬೇಕು" ಎಂದಳು ಸಿದ್ದಲಿಂಗವ್ವ.

ಎರಡು ಸಾವಿರದ ಐದರ ಆಸುಪಾಸು ಅದು. ಮನೆಯಲ್ಲೇ ಕುಳಿತು ಪದವಿ ಪಡೆಯಿರಿ ಎಂಬ ಬೋರ್ಡುಗಳು ಎಲ್ಲೆಲ್ಲೂ ಏಳುತ್ತಿದ್ದ ಕಾಲ. ಇಂಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿಯೊಂದರ ಮಾಳಿಗೆಯ ಮೇಲೆ, ದೂರದ ಯಾವುದೋ ರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದು ತನ್ನ ಅಧ್ಯಯನ ಕೇಂದ್ರ ತೆರೆದಿತ್ತು. ಅಲ್ಲಿ ಕುಲಪತಿಯಿಂದ ಹಿಡಿದು ಕಸ ಹೊಡೆಯುವವರ ತನಕ ಎಲ್ಲವೂ ಬಸಂತರಾಯನೇ.

"ಯಾವ ವಿಷಯ ಬೇಕ್ರಿ?" ಎಂದು ಕೇಳಿದ ಬಸಂತರಾಯ.

"ಇತಿಹಾಸ ಕೊಡ್ರಿ."

"ಇತಿಹಾಸ ಮುಗದೈತ್ರಿ."

"ಕನ್ನಡ?"

"ಮುಂದಿನ ಲಾರಿಗೆ ಬರ್ತೈತಿ. ಈಗ ಕೈಯಾಗ ಇರೂದು ರಾಜ್ಯಶಾಸ್ತ್ರ ಮತ್ತು ಸರ್ಕಾರ. ಭಾಳ ಛಲೋ ವಿಷಯ."

ಗುರಣ್ಣ ವ್ಯಾಪಾರಿ. ಪುಸ್ತಕಗಳನ್ನು ನಿಂಬೆಕಾಯಿಯಂತೆ ಒತ್ತಿ ನೋಡಿದ, ಮೂಸಿದ. "ಸರ್ಕಾರ ಅಂದ್ರ ಯಾವ ಸರ್ಕಾರ್ರಿ? ಬೆಂಗಳೂರಿಂದೋ, ದಿಲ್ಲೀದೋ?"

"ಎಲ್ಲಾ ಬರ್ತಾವ್ರಿ. ಗ್ರೀಕ್ ದೇಶದಿಂದ ಸುರು ಆಗಿ ನಿಮ್ಮೂರ ಪಂಚಾಯ್ತಿತನಕಾ."

ಇಷ್ಟು ಅಗಲದ ಮಾಲು ಒಂದೇ ಕಟ್ಟಿನಲ್ಲಿ ಸಿಗುವಾಗ ಬಿಡುವುದು ಜಾಣತನವಲ್ಲವೆಂದು ಗುರಣ್ಣ ಅದನ್ನೇ ಹೆಗಲಿಗೇರಿಸಿಕೊಂಡು ಊರಿಗೆ ಬಂದ.

ಗುರಣ್ಣ ಸರ್ಕಾರ ಓದಾಕತ್ತಾನಂತ ಎಂಬ ಸುದ್ದಿ ಜೇರಗುಣಕಿಯಲ್ಲಿ ಹಬ್ಬಲು ಯಾಕೂಬಸಾಬನ ಚಹಾದಂಗಡಿ ಸಾಕಾಯಿತು. ಯಾಕೂಬಸಾಬ ಗುರಣ್ಣನ ಮಗ್ಗುಲಮನೆಯವನು, ಬಾಲ್ಯದ ಗೆಳೆಯ. ಭಜಿ ಕರಿಯುತ್ತಿದ್ದ ಝಾರಾ ಸೌಟನ್ನು ಮೇಲೆತ್ತಿ ಹಿಡಿದೇ ಕೇಳಿದ: "ಸರ್ಕಾರಾನ ಓದಾಕ ಬರ್ತೈತೇನೋ ಗುರಣ್ಣ? ನಾವು ಹುಟ್ಟಿದಾಗಿಂದ ನೋಡಾಕತ್ತೇವಿ, ಒಂದಕ್ಷರ ತಿಳಿದಿಲ್ಲ."

ಓದಲು ಕೂತ ಮೇಲೆ ಗುರಣ್ಣನಿಗೇ ಬೆರಗಾಯಿತು. ಪಟಕ ಟಾವೆಲ್ಲು ಎಲ್ಲ ಮರೆತುಹೋಯಿತು. ಒಬ್ಬ ಹೇಳುತ್ತಾನೆ, ಸಾವಿರ ಜನ ಕೇಳುತ್ತಾರೆ, ಯಾಕೆ ಕೇಳುತ್ತಾರೆ? ಇಷ್ಟು ದಿನ ಈ ಪ್ರಶ್ನೆ ತನಗೆ ಹೊಳೆಯಲೇ ಇಲ್ಲವಲ್ಲ! ನಿಂಬೆಕಾಯಿ ಆರಿಸುತ್ತ, ಚೀಲ ಹೊಲಿಯುತ್ತ ಅದನ್ನೇ ಯೋಚಿಸಿದ. ಒಂದು ದಿನ ಚಹಾದಂಗಡಿಯಲ್ಲಿ, "ಸಾರ್ವಭೌಮ ಅಂದ್ರ ಎಲ್ಲಾರೂ ಅವನ ಮಾತು ಕೇಳ್ತಾರ, ಅಂವ ಯಾರ ಮಾತೂ ಕೇಳೂದಿಲ್ಲ" ಎಂದು ವಿವರಿಸಿದ.

"ಹಂಗಾದ್ರ ನಮ್ಮನ್ಯಾಗ ಸಗೀರಾ" ಎಂದು ಯಾಕೂಬಸಾಬ ತನ್ನ ಹೆಂಡತಿಯ ಹೆಸರು ಹೇಳಿ ಭಜಿ ಮಗುಚಿದ.

ಮನೆಗೆ ಬಂದು ಗುರಣ್ಣ ಹೆಂಡತಿಯನ್ನು ಕೇಳಿದ: "ನೀ ನನ್ನ ಮಾತು ಕೇಳ್ತೀಯಲ್ಲ, ಅದು ಹೆದರಿಕಿಯಿಂದೋ, ರೂಢಿಯಿಂದೋ?"

ಸಿದ್ದಲಿಂಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸಿದಳು. "ಯಾವಾಗ ಕೇಳೀನ್ರಿ?"

ಇಲ್ಲಿಯವರೆಗೆ ಎಲ್ಲವೂ ಸುಖವಾಗಿತ್ತು. ತೊಂದರೆ ಬಂದದ್ದು ವಿಶ್ವವಿದ್ಯಾಲಯ ಕೊಟ್ಟ ಮನೆಗೆಲಸದಿಂದ. 'ನಿಮ್ಮ ಪ್ರದೇಶದ ಮತದಾರರನ್ನು ಖುದ್ದಾಗಿ ಸಂದರ್ಶಿಸಿ, ಅವರ ವರ್ತನೆಯನ್ನು ಕುರಿತು ಬರೆಯಿರಿ.' ಗುರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಓಣಿಗೆ ಇಳಿದ. ಅದೇ ವಾರ ಗ್ರಾಮ ಪಂಚಾಯ್ತಿ ಚುನಾವಣೆ ಸಾರಿದ್ದರು. ಗ್ರೀಕ್ ದೇಶದಲ್ಲಿ ಮುಳುಗಿದ್ದ ಗುರಣ್ಣನಿಗೆ ಆ ಸುದ್ದಿಯೇ ಮುಟ್ಟಿರಲಿಲ್ಲ.

ಮೊದಲನೆಯದು ಬಿಬಿಜಾನ ಅಜ್ಜಿಯ ಮನೆ. ಕೈ ಮುಗಿದು ನಿಂತು, "ಯವ್ವಾ, ಎಂಥಾವರಿಗೆ ವೋಟು ಹಾಕ್ತೀ?" ಎಂದ.

ಬಿಳಿ ಅಂಗಿ, ಮುಗಿದ ಕೈ ನೋಡಿ ಅಜ್ಜಿಗೆ ಎಲ್ಲ ತಿಳಿಯಿತು. "ನೀರು ತರೋರಿಗೆ ಹಾಕ್ತೇನಪಾ. ಪೈಪು ಆ ತಿರುವಿಗೇ ನಿಂತೈತಿ. ನೀ ನಿಂತೀಯಂದ್ರ ನಿನಗ ಹಾಕ್ತೇನಿ, ಹೋಗು."

"ನಾ ನಿಂತಿಲ್ಲಬೇ! ಅಭ್ಯಾಸಕ್ಕ ಕೇಳಾಕತ್ತೇನಿ."

"ಮೊದಲ ಎಲ್ಲಾರೂ ಹಂಗ ಅಂತಾರ" ಎಂದು ಅಜ್ಜಿ ಅವನ ಬೆನ್ನು ಸವರಿದಳು.

ಎಲ್ಲ ಮನೆಗಳಲ್ಲೂ ಇದೇ ಆಯಿತು. ಅವನು ಅಲ್ಲವೆಂದಷ್ಟೂ ಜನ ನಕ್ಕು ತಲೆಯಾಡಿಸಿದರು. ಸರ್ಕಾರ ಓದಿದವನು ಬಾಯಿ ಬಿಡುತ್ತಾನೆಯೇ ಎಂದು ಮೆಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಗುರಣ್ಣನ ಹೊಟ್ಟೆಯಲ್ಲಿ ಓಣಿಯ ಚಹಾ ಎಲ್ಲ ಸೇರಿಕೊಂಡಿತ್ತು.

ಸಂಜೆ ಶಂಕರೆಪ್ಪ ಸಾವಕಾರ ಗುರಣ್ಣನ ಪಡಸಾಲೆಗೆ ಬಂದು ಕುಳಿತ. ಈ ಓಣಿಯ ಪಂಚಾಯ್ತಿ ಸದಸ್ಯ ಅವನೇ, ಹತ್ತು ವರ್ಷದಿಂದ. ನೀರಿನ ಪೈಪು ನಿಂತ ತಿರುವಿನಲ್ಲಿರುವುದು ಅವನದೇ ಮನೆ. ಇಡೀ ಓಣಿಯ ಹೆಂಗಸರು ಅವನ ಅಂಗಳದ ನಳಕ್ಕೇ ಕೊಡ ಹೊತ್ತು ಹೋಗಬೇಕು.

"ಎಷ್ಟು ಮನಿ ತಿರುಗಿದಿ, ಗುರಣ್ಣ?"

"ಅಭ್ಯಾಸಕ್ರಿ, ಸಾವ್ಕಾರ್ರ."

"ನಾವೂ ಮೊದಲ ಅಭ್ಯಾಸ ಮಾಡಿನ ಎಲೆಕ್ಷನ್ನಿಗೆ ನಿಂತೇವಿ."

ಗುರಣ್ಣನಿಗೆ ಆಗ ಚುನಾವಣೆಯ ಸಂಗತಿ ತಿಳಿಯಿತು. ಈ ಸಲ ಓಣಿಯ ಸೀಟು ಮಹಿಳೆಗೆ ಮೀಸಲೆಂದೂ, ಶಂಕರೆಪ್ಪ ತನ್ನ ಹೆಂಡತಿ ವಿಜಯಲಕ್ಷ್ಮಿಯನ್ನು ನಿಲ್ಲಿಸುತ್ತಾನೆಂದೂ ತಿಳಿಯಿತು. ಆಗಲೇ ಪ್ರಚಾರದ ಚೀಟಿಗಳೂ ಅಚ್ಚಾಗಿದ್ದವು: ಶಂಕರೆಪ್ಪನ ಫೋಟೋ ದೊಡ್ಡದು, ವಿಜಯಲಕ್ಷ್ಮಿಯ ಹೆಸರು ಸಣ್ಣದು. ಮುಳುಗುವವನಿಗೆ ಹಗ್ಗ ಸಿಕ್ಕಂತಾಗಿ ಗುರಣ್ಣ ಎದ್ದು ನಿಂತ. "ಹೆಣ್ಮಕ್ಕಳ ಸೀಟು ಅಂದ ಮ್ಯಾಲ ಮುಗೀತಲ್ರಿ ಸಾವ್ಕಾರ್ರ! ನಾ ಗಂಡಸು, ನಾ ಹೆಂಗ ನಿಂದ್ರಲಿ?"

ಇದನ್ನು ಅವನು ಹೇಳಬಾರದಿತ್ತು. ಶಂಕರೆಪ್ಪನ ಕಣ್ಣು ಮೆಲ್ಲಗೆ ಅಡುಗೆಮನೆಯ ಕಡೆ ಹೊರಳಿತು. ಒಳಗೆ ಸಿದ್ದಲಿಂಗವ್ವ ಒಲೆ ಊದುತ್ತಿದ್ದಳು.

"ಓಹೋಹೋ" ಎಂದ ಶಂಕರೆಪ್ಪ. ಚಹಾ ಕುಡಿಯದೇ ಎದ್ದು ಹೋದ.

ಮರುದಿನ ಬೆಳಿಗ್ಗೆ ನಳದ ಸಾಲಿನಲ್ಲಿ ಸಿದ್ದಲಿಂಗವ್ವನಿಗೆ ಎಲ್ಲರೂ ದಾರಿ ಬಿಟ್ಟರು. ಸಗೀರಾ ಅವಳ ಕೊಡ ತುಂಬಿಸಿ ಮೇಲೆತ್ತಿ ಕೊಟ್ಟಳು. "ನನಗೂ ಹೇಳಲಿಲ್ಲ ನೋಡಕ್ಕಾ, ಎಲೆಕ್ಷನ್ನಿಗೆ ನಿಂತೀ ಅಂತ."

ತುಂಬಿದ ಕೊಡ ಹೊತ್ತು ಸಿದ್ದಲಿಂಗವ್ವ ಮನೆಗೆ ಬಂದಳು. ಕೊಡ ಇಳಿಸಲೂ ಇಲ್ಲ. "ಏನ್ರಿ, ನಾ ಎಲೆಕ್ಷನ್ನಿಗೆ ನಿಂತೇನಂತ. ಊರಿಗೆಲ್ಲಾ ಗೊತ್ತೈತಿ. ನಿಂತಾಕಿಗೆ ಒಂದು ಮಾತು ಹೇಳಬಾರದೇನ್ರಿ?"

ಗುರಣ್ಣ ಆಣೆ ಮಾಡಿ ಎಲ್ಲ ವಿವರಿಸಿದ. "ಈಗಿಂದೀಗ ಹೋಗಿ ಎಲ್ಲಾರ ಮುಂದ ಖುಲಾಸೆ ಮಾಡಿ ಬರ್ತೇನಿ" ಎಂದು ಯಾಕೂಬಸಾಬನ ಅಂಗಡಿಗೆ ಓಡಿದ. ಮಂದಿ ತುಂಬಿದ್ದರು. ಎಲ್ಲರಿಗೂ ಕೇಳಲೆಂದು ಬೆಂಚಿನ ಮೇಲೆ ಹತ್ತಿ ನಿಂತ.

"ಬಂಧುಗಳೇ! ನಾ ನಿಂತಿಲ್ಲ. ನನ್ನ ಹೆಂಡ್ತಿ ನಿಂತಿಲ್ಲ. ದಯಮಾಡಿ ಯಾರೂ ನಮಗ ವೋಟು ಹಾಕಬ್ಯಾಡ್ರಿ!"

ಮೂಲೆಯಿಂದ ಕುರಿಗಾರ ಅಮಸಿದ್ದ ಚಪ್ಪಾಳೆ ಹೊಡೆದ. "ವೋಟು ಬ್ಯಾಡ ಅಂತ ಕೇಳಿದ ಮನಶ್ಯಾನ್ನ ನಾ ಇವತ್ತ ಕಂಡೆ! ಇಂಥಾವರು ಬೇಕು!" ಅಂಗಡಿಯೆಲ್ಲ ಚಪ್ಪಾಳೆಯಿಂದ ತುಂಬಿಹೋಯಿತು. ಊರಿನ ಈ ಸಲದ ಮೊದಲ ಪ್ರಚಾರ ಭಾಷಣ ಹೀಗೆ ಯಶಸ್ವಿಯಾಗಿ ಮುಗಿಯಿತು.

ಸುದ್ದಿ ಮುದ್ದೇಬಿಹಾಳಕ್ಕೂ ಮುಟ್ಟಿತು. ಷಡ್ಡಕ ಶ್ರೀಶೈಲ ಮೋಟಾರು ಸೈಕಲ್ಲಿನ ಮೇಲೆ ಹೆಂಡತಿ ಭಾಗ್ಯಜ್ಯೋತಿಯನ್ನು ಕೂರಿಸಿಕೊಂಡು ಬಂದೇಬಿಟ್ಟ. ಖಾದಿ ಜಾಕೀಟು ಹಾಕಿಕೊಂಡಿದ್ದ. "ಅಣ್ಣಾರ, ಇಂಥಾ ದೊಡ್ಡ ವಿಚಾರ ನನಗೊಂದು ಮಾತು ಕೇಳಬಾರದಾ? ಸ್ಟೇಜಿನ ಮ್ಯಾಲ ಮಾತಾಡಾಕ ಎಂ.ಎ. ಆದವರೊಬ್ಬರು ಬೇಕಾಗ್ತಾರ." ಭಾಗ್ಯಜ್ಯೋತಿ ಅಕ್ಕನ ಕೈ ಹಿಡಿದು, "ಯಕ್ಕಾ, ಅಧ್ಯಕ್ಷರಿಗೆ ಜೀಪು ಕೊಡ್ತಾರಂತ ಖರೇನ?" ಎಂದು ಪಿಸುಗುಟ್ಟಿದಳು.

ಅಷ್ಟರಲ್ಲಿ ಶಂಕರೆಪ್ಪ ಬಾಗಿಲಿಗೆ ಬಂದ. ಕೈಯಲ್ಲಿ ಹೊಸ ಸೀರೆಯ ಪೊಟ್ಟಣ. ಅದನ್ನು ಗುರಣ್ಣನ ಮುಂದಿಟ್ಟ. "ತವರಿನ ಸೀರಿ ಅಂತ ತಿಳಕೋರಿ. ಸಿದ್ದಲಿಂಗವ್ವ ನನಗ ತಂಗಿ ಇದ್ದಾಂಗ. ಗುರಣ್ಣ, ಅಕಿನ್ನ ನಿಲ್ಲಿಸೂದು ಬಿಡು. ನೀ ನೀನು, ನಾ ನಾನು, ನಡು ಯಾಕ ಎಲೆಕ್ಷನ್ನು?"

ಗುರಣ್ಣನಿಗೆ ಆನಂದವಾಯಿತು. "ಆತ್ರಿ ಸಾವ್ಕಾರ್ರ, ನಿಲ್ಲಿಸೂದಿಲ್ರಿ" ಎಂದು ಕೈ ಮುಗಿದ. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಿದ್ದಲಿಂಗವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು.

"ಸಾವ್ಕಾರ್ರ, ಪೈಪು ನಿಮ್ಮ ಮನಿ ಮುಂದನ ಯಾಕ ನಿಂತೈತ್ರಿ?"

ಶಂಕರೆಪ್ಪ ಗುರಣ್ಣನನ್ನೇ ನೋಡುತ್ತ ಹೇಳಿದ: "ಮುಂದ ಕಲ್ಲು ಹತ್ತೇತಿ."

"ಕಲ್ಲು ಹತ್ತಿದ್ರ ಒಡೀಬೇಕ್ರಿ. ಹತ್ತು ವರ್ಷದಾಗ ಒಂದು ಕಲ್ಲು ಒಡೀಲಿಲ್ಲೇನ್ರಿ?"

"ಅದು ಇಂಜಿನೇರ ಕೆಲಸ. ಅದೆಲ್ಲಾ ಹೆಣ್ಮಕ್ಕಳಿಗೆ ತಿಳ್ಯೂದಿಲ್ಲ. ಗುರಣ್ಣ, ಹೇಳೋ ನಿನ್ನ ಹೆಂಡ್ತಿಗೆ."

ಗುರಣ್ಣ ಬಾಯಿ ತೆರೆದ. ಸಿದ್ದಲಿಂಗವ್ವ ಸೀರೆಯ ಪೊಟ್ಟಣವನ್ನು ಎರಡೂ ಕೈಯಿಂದ ಎತ್ತಿ ಶಂಕರೆಪ್ಪನ ಕೈಗಿಟ್ಟಳು. "ವಿಜಯಕ್ಕಗ ಕೊಡ್ರಿ. ನಾ ನಿಂದ್ರತೇನಿ ಅಂತ ಇಷ್ಟೊತ್ತು ನಾ ಹೇಳಿರಲಿಲ್ಲ. ಈಗ ಹೇಳಾಕತ್ತೇನಿ."

ಶಂಕರೆಪ್ಪ ಹೋದ ಮೇಲೆ ಗುರಣ್ಣ ಬಾಗಿಲು ಹಾಕಿ ಹೆಂಡತಿಯ ಹತ್ತಿರ ಬಂದ. "ಖರೇ ಹೇಳಿದೇನ? ಅವರು ಸಾವ್ಕಾರ್ರು. ಸೋತಿವಿ ಅಂದ್ರ ಓಣ್ಯಾಗ ತಲಿ ಎತ್ತಾಕ ಆಗೂದಿಲ್ಲ. ಆ ನಳಕ್ಕ ಯಾವ ಮಾರಿ ತಗೊಂಡು ನೀರಿಗೆ ಹೋಗ್ತೀ?"

ಅದು ಸಿದ್ದಲಿಂಗವ್ವನಿಗೂ ಹೊಳೆದಿತ್ತು. ಸೆರಗಿನಿಂದ ಕುತ್ತಿಗೆ ಒರಸಿಕೊಂಡಳು. "ನೀವು ಮನಿಮನಿ ತಿರುಗಿ ಕೇಳಿ ಬಂದ್ರಲ್ಲ, ಎಂಥಾವರಿಗೆ ವೋಟು ಹಾಕ್ತೀರಿ ಅಂತ. ಏನಂದ್ರು?"

"ನೀರು ತರೋರಿಗೆ ಅಂದ್ರು."

"ಈ ಓಣ್ಯಾಗ ನೀರು ತರೋರು ಯಾರ್ರಿ?"

ಗುರಣ್ಣ ಅವಳ ನೆತ್ತಿಯ ಮೇಲೆ ಕೊಡ ಹೊರುವ ಸಿಂಬಿ ಒತ್ತಿದ ಗುರುತು ನೋಡಿದ. "ನೀವ... ಹೆಣ್ಮಕ್ಕಳ" ಎಂದ. ಇದು ಯಾವ ಅಧ್ಯಾಯದಲ್ಲೂ ಇರಲಿಲ್ಲ.

ನಾಮಪತ್ರ ತೆಗೆದುಕೊಳ್ಳಲು ಕೂತಿದ್ದ ಚುನಾವಣಾಧಿಕಾರಿ ಸಿಂದಗಿಯ ಕಡೆಯ ಒಬ್ಬ ಮಾಸ್ತರರು. ಗುರಣ್ಣನನ್ನು ನೋಡಿ, "ಅಭ್ಯರ್ಥಿ ಹೆಸರು?" ಎಂದರು. ಗುರಣ್ಣ ವಿಧೇಯನಾಗಿ, "ಗುರಣ್ಣ" ಎಂದ. ಬರೆಯತೊಡಗಿದರು. ಸಿದ್ದಲಿಂಗವ್ವ ಮೇಜಿನ ಮೇಲೆ ಬೆರಳಿಟ್ಟಳು. "ಅವರು ಅಭ್ಯಾಸಕ್ಕ ಬಂದಾರ್ರಿ. ನಂದು ಬರಕೋರಿ." ಮಾಸ್ತರರು ಮೊದಲ ಬಾರಿಗೆ ಅವಳನ್ನು ನೋಡಿ, ಬರೆದದ್ದನ್ನು ಹೊಡೆದು ಹಾಕಿ, ಹೊಸದಾಗಿ ಬರೆದರು. ಅವಳಿಗೆ ಹೊಲಿಗೆ ಮಷೀನಿನ ಗುರುತು ಸಿಕ್ಕಿತು. ವಿಜಯಲಕ್ಷ್ಮಿಗೆ ಸೀಲಿಂಗ್ ಫ್ಯಾನು ಬಂತು. ಕರೆಂಟು ಅಪರೂಪಕ್ಕೆ ಬರುವ ಊರಿನಲ್ಲಿ ಅದು ಶುಭವಲ್ಲವೆಂದು ಶಂಕರೆಪ್ಪನ ಕಡೆಯವರೇ ಗೊಣಗಿದರು.

ಪ್ರಚಾರದಲ್ಲಿ ಗುರಣ್ಣ ತನ್ನ ವಿದ್ಯೆಯನ್ನೆಲ್ಲ ಹೆಂಡತಿಗೆ ಧಾರೆ ಎರೆಯಲು ನಿಂತ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಮೊದಲ ಸಭೆ. "ಬಂಧುಗಳೇ, ಬಹಳ ಹಿಂದೆ ಗ್ರೀಕ್ ದೇಶದಲ್ಲಿ ನಗರರಾಜ್ಯಗಳಿದ್ದವು. ಅಲ್ಲಿ ಜನರೆಲ್ಲ ಒಂದೆಡೆ ಸೇರಿ ತಮ್ಮ ಆಡಳಿತ ತಾವೇ ಮಾಡುತ್ತಿದ್ದರು..."

"ಅಲ್ಲಿ ಮನಿಮನಿಗೆ ನಳ ಇತ್ತೇನ್ರಿ?" ಎಂದು ಕೇಳಿದ ಅಮಸಿದ್ದ.

ಪ್ರಶ್ನೆ ಚೆನ್ನಾಗಿತ್ತು. ಗುರಣ್ಣನಿಗೆ ಗೊತ್ತಿರಲಿಲ್ಲ. ಅವನಿಗೂ ಈಗ ಅದು ತಿಳಿಯಲೇಬೇಕೆನ್ನಿಸಿತು. "ಸ್ವಲ್ಪ ತಡೀರಿ" ಎಂದವನು ಪುಸ್ತಕ ನೋಡಲು ಸಭೆ ಬಿಟ್ಟು ಮನೆಗೆ ಓಡಿದ. ಮೈಕು ಶ್ರೀಶೈಲನ ಕೈಗೆ ಸಿಕ್ಕಿತು. ಅವನು ತನ್ನ ಕಾಲೇಜಿನ ಬಗ್ಗೆ ಮಾತಾಡಿದ. ಗುರಣ್ಣ ಮರಳಿ ಬರುವಷ್ಟರಲ್ಲಿ ಕಟ್ಟೆಯ ಮುಂದೆ ಎರಡು ಆಡು ಉಳಿದಿದ್ದವು.

"ನೀವಿಬ್ಬರೂ ಎಂ.ಎ.ದವರು ಮನ್ಯಾಗ ಕುಂಡ್ರಿ" ಎಂದಳು ಸಿದ್ದಲಿಂಗವ್ವ. ಅಲ್ಲಿಂದ ಮುಂದೆ ಅವಳೂ ಸಗೀರಾಳೂ ಮನೆಮನೆ ತಿರುಗಿದರು. ಭಾಷಣವಿಲ್ಲ. ಒಳಗೆ ಹೋಗಿ ಹೆಂಗಸರ ಹತ್ತಿರ ಕೂತು, "ನಿನಗ ದಿನಾ ಎಷ್ಟು ಕೊಡ ನೀರು ಬೇಕು?" ಎಂದು ಕೇಳುವುದಷ್ಟೇ. ಅವರು ಮನೆಗೆ ಬಂದ ಕೂಡಲೇ ಗುರಣ್ಣ, "ಯಾರೇನಂದ್ರು? ಯಾಕ ಹಂಗಂದ್ರು?" ಎಂದು ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದ. ಅಭ್ಯರ್ಥಿಯ ಗಂಡ ಬೀಡಿ ಹಂಚಬೇಕು, ಇವನು ಪ್ರಶ್ನೆ ಹಂಚುತ್ತಾನೆಂದು ಯಾಕೂಬಸಾಬ ತಲೆ ಚಚ್ಚಿಕೊಂಡ.

ಎಣಿಕೆ ಇಂಡಿಯಲ್ಲಿ ನಡೆಯಿತು. ಶಂಕರೆಪ್ಪ ಜೀಪಿನಲ್ಲಿ ಹಾರ, ಗುಲಾಲು, ಪಟಾಕಿ ತುಂಬಿಸಿಕೊಂಡು, ವಿಜಯಲಕ್ಷ್ಮಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಂದಿದ್ದ. ಗುರಣ್ಣನ ಕಡೆಯವರು ಟೆಂಪೋದಲ್ಲಿ ನಿಂಬೆಕಾಯಿ ಚೀಲಗಳ ಮೇಲೆ ಕೂತು ಬಂದರು. ಸಿದ್ದಲಿಂಗವ್ವ ಬೇವಿನ ಮರದ ಕೆಳಗೆ ಸೆರಗು ಬಿಗಿಹಿಡಿದು ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗುರಣ್ಣ ಪೆನ್ನು ಜೇಬಿಗಿಟ್ಟು ಪಕ್ಕದಲ್ಲಿ ಕೂತ. ಅವಳ ಕೈ ಮೇಲೆ ತನ್ನ ಕೈ ಇಟ್ಟ.

ಒಳಗಿಂದ ಯಾಕೂಬಸಾಬ ಓಡಿ ಬಂದ. ಉಸಿರು ಸಿಗುತ್ತಿಲ್ಲ. ಕೈಯಿಂದ ಹೊಲಿಗೆ ಮಷೀನು ತಿರುವುವಂತೆ ಗಾಳಿಯಲ್ಲಿ ಗರಗರ ತಿರುಗಿಸಿದ. "ಮಷೀನು! ಮಷೀನು! ಭಾಳ ಮುಂದ!"

ಸಗೀರಾ ಸಿದ್ದಲಿಂಗವ್ವನನ್ನು ಅಪ್ಪಿಕೊಂಡು ಅತ್ತಳು. ಅತ್ತ ಶಂಕರೆಪ್ಪ ಜೀಪಿನ ಬಾನೆಟ್ಟು ಗುದ್ದುತ್ತಿದ್ದ. "ನಮ್ಮ ಓಣಿ ವೋಟು ಎಲ್ಲಿ ಹ್ವಾದೂ? ನಮ್ಮ ಮಂದೀನ ನಮಗ ಕೈ ಕೊಟ್ರು! ಯಾರು ಅಂತ ಹುಡುಕ್ತೇನಿ, ಬಿಡೂದಿಲ್ಲ!"

"ಹುಡುಕೂದ್ ಬ್ಯಾಡ್ರಿ" ಎಂದಿತು ಹಿಂದಿನ ಸೀಟಿನಿಂದ ಒಂದು ಧ್ವನಿ. ಆ ಧ್ವನಿಯನ್ನು ಬಹಳ ಜನ ಮೊದಲ ಸಲ ಕೇಳುತ್ತಿದ್ದರು. "ಒಂದು ನಂದ ಐತಿ."

ಶಂಕರೆಪ್ಪನ ಕೈ ಬಾನೆಟ್ಟಿನ ಮೇಲೇ ನಿಂತಿತು.

"ಹತ್ತು ವರ್ಷ ಆತು" ಎಂದಳು ವಿಜಯಲಕ್ಷ್ಮಿ. "ಕೋಳಿ ಕೂಗೂದರೊಳಗ ಓಣಿ ಮಂದೆಲ್ಲಾ ನನ್ನ ಅಂಗಳದಾಗ ಕೊಡಾ ಕುಟ್ಟತಾರ, ಜಗಳಾಡ್ತಾರ. ರಂಗೋಲಿ ಹಾಕಾಕ ಒಣ ನೆಲಾ ಇಲ್ಲ. ಒಂದು ದಿನ ನಿದ್ದಿ ಕಂಡಿಲ್ಲ. ಪೈಪು ಅಕ್ಕಡೆ ಹೋದ್ರ ಸಾಕಾಗೇತಿ ನನಗ."

ಗುರಣ್ಣ ಓಡಿ ಬಂದು, ಎಲ್ಲ ಮರ್ಯಾದೆ ಮರೆತು ಜೀಪಿನೊಳಗೆ ತಲೆ ಹಾಕಿದ. "ವೈನ್ಯಾರ, ಇದನ್ನ ಬರಕೊಳ್ಳಲೇನ್ರಿ?"

"ಬರಕೋರಿ" ಎಂದಳು ವಿಜಯಲಕ್ಷ್ಮಿ.

ಬರೆದುಕೊಂಡ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದ. ಕೆಲವು ವಾರಗಳ ಮೇಲೆ ಅದು ಬಸಂತರಾಯನ ಮಾಳಿಗೆಗೆ ಮರಳಿ ಬಂತು. ಮೇಲೆ ಪರೀಕ್ಷಕರ ಷರಾ: 'ಅಭ್ಯರ್ಥಿಯೇ ತನ್ನ ಎದುರಾಳಿಗೆ ಮತ ನೀಡಿದಳೆಂದು ಬರೆಯಲಾಗಿದೆ. ಇಂತಹ ವರ್ತನೆ ಅಸಂಭವ. ವಿದ್ಯಾರ್ಥಿಯು ಮನೆಯಲ್ಲೇ ಕುಳಿತು ಕಲ್ಪಿಸಿದಂತಿದೆ. ಮತ್ತೆ ಮಾಡಿ.'

"ನಿಮ್ಮೂರ ಮಂದೀನ ಸ್ವಲ್ಪ ಪುಸ್ತಕಕ್ಕ ಹೊಂದೂಹಂಗ ಬರೀರಿ, ಗುರಣ್ಣಾರ" ಎಂದ ಬಸಂತರಾಯ.

"ಪುಸ್ತಕ ತಿದ್ದಾಕ ಬರೂದಿಲ್ಲೇನ್ರಿ?" ಎಂದು ಗುರಣ್ಣ ಕೇಳಿದ. ಕುಚೋದ್ಯವಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು. ಬಸಂತರಾಯ ಮುಂದಿನ ಕಂತಿನ ರಸೀದಿ ಹರಿದು ಕೊಟ್ಟ. ಗುರಣ್ಣ ಎಂ.ಎ. ಮುಗಿಸಿದ್ದು ಮುಂದೆ ಎಷ್ಟೋ ಕಾಲದ ಮೇಲೆ, ಬಹಳ ನಿಧಾನಕ್ಕೆ. ಪ್ರತಿ ಪುಟದಲ್ಲೂ ಅವನಿಗೆ ಒಂದು ಸಂಶಯ ಏಳುತ್ತಿತ್ತು.

ಹೊಸ ಪಂಚಾಯ್ತಿಯ ಮೊದಲ ಸಭೆಯ ದಿನ ಗುರಣ್ಣ ಇಸ್ತ್ರಿ ಅಂಗಿ ತೊಟ್ಟು ಹೆಂಡತಿಯ ಜೊತೆ ಹೋದ. ಹೆಣ್ಣುಮಕ್ಕಳು ಗೆದ್ದಲ್ಲಿ ಗಂಡಂದಿರು ಕುರ್ಚಿಯಲ್ಲಿ ಕೂತು ಮಾತಾಡುವುದು ಸುತ್ತಲಿನ ವಾಡಿಕೆ. ಕಾರ್ಯದರ್ಶಿ ಗುರಣ್ಣನಿಗೆ ಮುಂದಿನ ಕುರ್ಚಿ ಸರಿಸಿ, ಸಿದ್ದಲಿಂಗವ್ವನಿಗೆ ಗೋಡೆ ಬದಿಯ ಬೆಂಚು ತೋರಿಸಿದ. ಸಿದ್ದಲಿಂಗವ್ವ ಕುರ್ಚಿಯ ಮೇಲೆ ಕೂತು, "ಇವರು ಹೊರಗ ಕುಂಡ್ರತಾರ್ರಿ" ಎಂದಳು. ಗಂಡನ ಕಡೆ ತಿರುಗಿ, "ಕುಂಡ್ರತೀರಲ್ರಿ?" ಎಂದಳು ಮೆತ್ತಗೆ. ಗುರಣ್ಣ ಒಂದು ಗಳಿಗೆ ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ, ಹೊರಗೆ ನಡೆದ.

ಹೊರಗಿನ ಕಟ್ಟೆಯ ಮೇಲೆ ಆಗಲೇ ಒಬ್ಬರಿದ್ದರು. ಹತ್ತು ವರ್ಷದ ರೂಢಿಯಿಂದ ಸಭೆಗೆಂದು ಹೊರಟು, ಬಾಗಿಲ ಹತ್ತಿರ ನೆನಪಾಗಿ ನಿಂತ ಶಂಕರೆಪ್ಪ. ಇಬ್ಬರೂ ಕಿಟಕಿಯ ಕೆಳಗೆ ಪಕ್ಕಪಕ್ಕ ಕೂತರು. ಒಳಗಿಂದ ಸಿದ್ದಲಿಂಗವ್ವನ ಧ್ವನಿ ಕೇಳುತ್ತಿತ್ತು. ಕಲ್ಲು ಎಲ್ಲಿ ಹತ್ತಿದೆ, ಒಡೆಯಲು ಯಾರು ಬರುತ್ತಾರೆ, ಎಂದು ಬರುತ್ತಾರೆ ಎಂದು ಒಂದೊಂದಾಗಿ ಕೇಳುತ್ತಿದ್ದಳು.

ಶಂಕರೆಪ್ಪನಿಗೆ ತಡೆಯಲಾಗಲಿಲ್ಲ. ಗುರಣ್ಣನ ಕಿವಿಯ ಹತ್ತಿರ ಬಾಗಿದ. "ಗುರಣ್ಣ, ನೀ ಸರ್ಕಾರ ಓದಿದಾಂವ. ಒಳಗ ಇದೇನು ನಡದೈತಿ?"

"ಇದಕ್ಕ ಅಧಿಕಾರ ಹಸ್ತಾಂತರ ಅಂತಾರ್ರಿ."

"ಮುಂದೇನಾಗ್ತೈತಿ?"

"ಅಲ್ಲೀತನಕಾ ಇನ್ನೂ ಓದಿಲ್ರಿ, ಸಾವ್ಕಾರ್ರ."

ಕಿಟಕಿಯಲ್ಲಿ ಸಿದ್ದಲಿಂಗವ್ವನ ಮುಖ ಕಾಣಿಸಿಕೊಂಡಿತು. "ಹೊರಗಿನವರು ಸ್ವಲ್ಪ ಸುಮ್ನ ಕುಂಡ್ರಿ. ಒಳಗ ಕೆಲಸ ನಡದೈತಿ."

ಇಬ್ಬರೂ ತಟ್ಟನೆ ಬಾಯಿ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, ಏನು ನಡೆದಿದೆಯೋ ನೋಡಿಯೇಬಿಡೋಣವೆಂದು, ಇಬ್ಬರೂ ಸಪ್ಪಳ ಮಾಡದೆ ತುದಿಗಾಲ ಮೇಲೆ ನಿಂತು ಕಿಟಕಿಯೊಳಗೆ ಇಣುಕಿದರು.